ಒಂದೇ ದಿನ, ಒಂದೇ ಹೊಳೆ: ಮೀನಿನ ಜಾತಿ ಲೆಕ್ಕ ಜಾಸ್ತಿ ಮಾಡುವುದು ಹೇಗೆ?

ಬೆಂಡು ಮುಳುಗಿತು (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ.

ಗಾಳ ಹಾಕುವುದು ನನಗೆ ಹೊಸದಲ್ಲ. ಈಗ ಹೊಸ ಹುಚ್ಚೊಂದು ಹತ್ತಿದೆ. ದೊಡ್ಡ ಮೀನು ಬೇಡ, ತೂಕ ಬೇಡ. ಬೆಳಕು ಹರಿದಾಗ ಶುರು ಮಾಡಿ ಕತ್ತಲಾಗುವುದರೊಳಗೆ ಒಂದೇ ಹೊಳೆಯಲ್ಲಿ ಎಷ್ಟು ಬೇರೆ ಬೇರೆ ಜಾತಿ ಗಾಳಕ್ಕೆ ಬೀಳುತ್ತವೆ ಅಂತ ನೋಡಬೇಕು. ನನಗೂ ನಮ್ಮ ಭಾವನಿಗೂ ಪಂದ್ಯ. ಒಂದು ಜಾತಿಗೆ ಒಂದು ಅಂಕ, ಅಷ್ಟೇ. ಹತ್ತು ಜಿಲೇಬಿ ಮೀನು ಹಿಡಿದರೂ ಅಂಕ ಒಂದೇ.

ಹೋದ ಸಲ ನನ್ನ ಲೆಕ್ಕ ನಾಲ್ಕಕ್ಕೆ ನಿಂತಿತು. ಜಿಲೇಬಿ, ಒಂದು ಸಣ್ಣ ಗೆಂಡೆ, ಒಂದು ರೋಹು, ಸಂಜೆ ಹೊತ್ತಿಗೆ ಒಂದು ಗಿರ್ಲು. ಮಧ್ಯಾಹ್ನವಿಡೀ ಜಿಲೇಬಿ ಬಿಟ್ಟರೆ ಬೇರೆ ಯಾವುದೂ ಕಚ್ಚಲಿಲ್ಲ. ಭಾವ ಏಳು ಜಾತಿ ತೋರಿಸಿದರು. ಗುಟ್ಟು ಕೇಳಿದರೆ ಬರೀ ನಗುತ್ತಾರೆ.

ನನ್ನ ಹತ್ತಿರ ಇರುವುದು ಒಂದು ಸಾಧಾರಣ ರಾಡು, ಬೆಂಡು, 6 ನಂಬರ್ ಕೊಕ್ಕೆ, ಎರೆಹುಳು, ಹಿಟ್ಟಿನ ಉಂಡೆ. ಜಾಗ ಚೆನ್ನಾಗಿದೆ. ಹೊಳೆ ಅಲ್ಲಿ ತಿರುವು ತೆಗೆದುಕೊಳ್ಳುತ್ತದೆ. ಮೇಲುಗಡೆ ಕಲ್ಲಿನ ಮೇಲೆ ತೆಳ್ಳಗೆ ಹರಿಯುವ ನೀರು, ತಿರುವಿನಲ್ಲಿ ಆಳದ ಮಡು, ಆಚೆ ದಡಕ್ಕೆ ಜೊಂಡು. ಸ್ವಲ್ಪ ಕೆಳಗೆ ಒಂದು ಸಣ್ಣ ಹಳ್ಳ ಬಂದು ಸೇರುತ್ತದೆ.

ಮೇವು ಬದಲಿಸಬೇಕಾ, ಜಾಗ ಬದಲಿಸಬೇಕಾ, ಇನ್ನೊಂದು ರಾಡು ತಗೋಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ. ಭಾವನ ನಗು ನಿಲ್ಲಿಸಬೇಕಾಗಿದೆ.

ಮಡುವಿನ ಹಳಬ:

ಇದೇನು ಮಾರಾಯರೇ, ಮೀನು ಹಿಡಿಯುವುದೋ ಜನಗಣತಿಯೋ? ಒಂದು ಒಳ್ಳೆಯ ಮಡು ನೋಡಿ ಕೂತು, ಇಡೀ ದಿನ ಒಂದೇ ಒಂದು ದೊಡ್ಡ ಮೀನಿಗೆ ಕಾಯುವುದರಲ್ಲಿ ಇರುವ ಮಜಾ ಈ ಲೆಕ್ಕದಲ್ಲಿ ಇಲ್ಲ. ಅಂಕ ಬೇಕು ಅಂತ ಬೆರಳುದ್ದದ ಮರಿಗಳಿಗೆಲ್ಲ ಕೊಕ್ಕೆ ಚುಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಆದರೂ ಕೇಳಿದ್ದೀರಿ, ಒಂದು ಮಾತು ಹೇಳುತ್ತೇನೆ. ಆ ಹಳ್ಳ ಬಂದು ಸೇರುವ ಜಾಗ ಬಿಡಬೇಡಿ. ಎರಡು ನೀರು ಕೂಡುವ ಕಡೆ ಎರಡೂ ನೀರಿನ ಮೀನು ಇರುತ್ತದೆ.

ಹದಿನಾರು ನಂಬರ್:

ಹಳಬರೇ, ಬೆರಳುದ್ದದವೆಲ್ಲ ಮರಿಗಳಲ್ಲ. ನಾನು ಹೇಳಬೇಕೆಂದಿರುವುದು ಅದನ್ನೇ.

ಪ್ರಶ್ನೆ ಕೇಳಿದ ತಮ್ಮನಿಗೆ: ಹೊಸ ರಾಡು ಬೇಡ. ಹೊಸ ಜಾಗವೂ ಬೇಡ. ನೀವು ಬರೆದ ತಿರುವಿನಲ್ಲಿ ಹತ್ತು ಜಾತಿಗೆ ಆಗುವಷ್ಟು ಬಗೆಬಗೆಯ ನೀರಿದೆ. ನಿಮಗೆ ಅಡ್ಡ ಬರುತ್ತಿರುವುದು ಆ 6 ನಂಬರ್ ಕೊಕ್ಕೆ.

ಹೊಳೆಯಲ್ಲಿ ಇರುವ ಜಾತಿಗಳಲ್ಲಿ ಬಹಳಷ್ಟು ಪೂರ್ತಿ ಬೆಳೆದರೂ ನಮ್ಮ ಅಂಗೈ ದಾಟುವುದಿಲ್ಲ. ಕೆಲವು ಹೆಬ್ಬೆರಳಿನಷ್ಟೇ ಇರುತ್ತವೆ. ಅವು ಮರಿಗಳಲ್ಲ, ಮೊಟ್ಟೆ ಇಡುವ ವಯಸ್ಸಿನ ಮೀನುಗಳು. 6 ನಂಬರ್ ಕೊಕ್ಕೆ ಅವುಗಳ ಬಾಯಿಗೆ ಹೋಗುವುದೇ ಇಲ್ಲ. ಬೆಂಡು ಕುಣಿಯುತ್ತದೆ, ಹುಳು ಮಾಯವಾಗುತ್ತದೆ, ನಾವು 'ಸಣ್ಣ ಮೀನಿನ ಕಾಟ' ಅಂತ ಬೈದುಕೊಂಡು ಇನ್ನೊಂದು ಹುಳು ಸಿಕ್ಕಿಸುತ್ತೇವೆ. ನಿಮ್ಮ ಅಂಕವೆಲ್ಲ ಆ ಕಾಟದಲ್ಲೇ ಇದೆ!

ಕೊಕ್ಕೆಯ ನಂಬರು ಉಲ್ಟಾ ಓಡುತ್ತದೆ, ಗೊತ್ತಲ್ವಾ? ನಂಬರು ಏರಿದಂತೆ ಕೊಕ್ಕೆ ಸಣ್ಣದು. ನನ್ನ ಡಬ್ಬಿಯಲ್ಲಿ ಒಂದು ತುಂಡು ಥರ್ಮಾಕೋಲ್ ಇದೆ. ಅದಕ್ಕೆ 16, 10, 4 ನಂಬರಿನ ಕೊಕ್ಕೆಗಳನ್ನು ಗೇಣುದ್ದ ದಾರ ಕಟ್ಟಿಯೇ ಸಾಲಾಗಿ ಚುಚ್ಚಿಟ್ಟಿರುತ್ತೇನೆ. ಹೊಳೆ ದಡದಲ್ಲಿ ಕೂತು ಗಂಟು ಹಾಕುವ ಹೊತ್ತು ಉಳಿಯುತ್ತದೆ. ಬೇಕಾದ್ದನ್ನು ಕಿತ್ತು ಕುಣಿಕೆಗೆ ಸಿಕ್ಕಿಸಿದರೆ ಮುಗಿಯಿತು. ದಿನದ ಅರ್ಧ ಭಾಗ 16ರಲ್ಲೇ ಕಳೆಯುತ್ತದೆ. ಅದಕ್ಕೆ ಇಡೀ ಹುಳು ಹಾಕಬೇಡಿ. ಉಗುರಿನಲ್ಲಿ ಚಿವುಟಿದ ಒಂದು ಚೂರು ಸಾಕು, ಕೊಕ್ಕೆಯ ತುದಿ ಕಾಣುತ್ತಲೇ ಇರಲಿ. ಬೆಂಡೂ ಚಿಕ್ಕದಾಗಿರಬೇಕು. ನಿಮ್ಮ ದೊಡ್ಡ ಬೆಂಡನ್ನು ಎಳೆದು ಮುಳುಗಿಸುವ ಶಕ್ತಿ ಆ ಮೀನಿಗಿಲ್ಲ. ಅದು ಬರೀ ಅಲ್ಲಾಡುತ್ತದೆ, ನೀವು ಗಾಳಿ ಅಂದುಕೊಳ್ಳುತ್ತೀರಿ.

ಇದು ಹೊಸ ಆಟವೂ ಅಲ್ಲ. ಜಪಾನಿನಲ್ಲಿ ತನಾಗೋ ಅಂತ ಪುಟ್ಟ ಮೀನಿದೆ. ಅದನ್ನು ಹಿಡಿಯುವುದಕ್ಕೆಂದೇ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ಮಾಡುತ್ತಾರೆ. ಬರೀ ಬಣ್ಣದ ಚೆಂದಕ್ಕಾಗಿ ಹಿಡಿದು ನೋಡುವವರಿದ್ದಾರೆ. ಆ ಮೀನು ಮೊಟ್ಟೆ ಇಡುವುದು ಬದುಕಿರುವ ಸಿಹಿನೀರಿನ ಕಪ್ಪೆಚಿಪ್ಪಿನ ಒಳಗೆ. ಇಂಥ ಸಂಗತಿ ಇಪ್ಪತ್ತು ಕಿಲೋ ಮೀನಿನ ಹಿಂದೆ ಬಿದ್ದವರಿಗೆ ತಿಳಿಯುವುದಾದರೂ ಹೇಗೆ? ಹಳಬರು ಸಿಟ್ಟಾಗಬಾರದು.

ಎರಡನೆಯ ವಿಷಯ, ಬಾಯಿ. ಯಾವ ಮೀನು ಸಿಕ್ಕರೂ ಬಿಡುವ ಮೊದಲು ಅದರ ಬಾಯಿ ಯಾವ ಕಡೆ ತೆರೆಯುತ್ತದೆ ಅಂತ ನೋಡಿ. ಕಾಟ್ಲಾದ ಕೆಳದವಡೆ ಮುಂದೆ ಚಾಚಿ ಬಾಯಿ ಮೇಲಕ್ಕೆ ತೆರೆಯುತ್ತದೆ, ಅದು ಮೇಲಿನ ನೀರಿನಲ್ಲಿ ಮೇಯುವ ಮೀನು. ರೋಹು ನಡುನೀರಿನದು. ಮೃಗಾಲ್‌ಗೆ ಬಾಯಿ ಕೆಳಗಿದೆ, ತಳದ ಕೆಸರಿನಲ್ಲಿ ಹುಡುಕುತ್ತದೆ. ಮೀನು ಸಾಕುವವರು ಈ ಮೂರನ್ನೂ ಒಂದೇ ಕೊಳದಲ್ಲಿ ಬಿಡುವುದು ಇದಕ್ಕೇ, ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ಹೊಳೆಯಲ್ಲೂ ಇದೇ ಕತೆ. ನೀವು ಬೆಂಡನ್ನು ಒಂದೇ ಅಳತೆಗೆ ಕಟ್ಟಿ ದಿನವಿಡೀ ಬಿಟ್ಟಿದ್ದರೆ, ಒಂದೇ ಮಹಡಿಯ ಬಾಗಿಲು ಬಡಿಯುತ್ತಾ ಕೂತ ಹಾಗೆ. ಅದೇ ಮಡುವಿನಲ್ಲಿ ಒಂದು ಗೇಣು ಆಳಕ್ಕೆ ಹಾಕಿ ನೋಡಿ, ಆಮೇಲೆ ನಡುನೀರು, ಆಮೇಲೆ ಸೀಸ ತಳ ಮುಟ್ಟುವಂತೆ. ಮೇವೂ ಅದೇ, ಜಾಗವೂ ಅದೇ, ಮೀನು ಬೇರೆ.

ಮೂರನೆಯದು ಎಲ್ಲಕ್ಕಿಂತ ಕಷ್ಟ. ಕಚ್ಚುತ್ತಿರುವ ಜಾಗ ಬಿಟ್ಟು ಏಳಬೇಕು. ಬಹಳ ಜನರಿಂದ ಇದು ಆಗುವುದಿಲ್ಲ. ಮೀನು ಬೀಳುತ್ತಿದೆ, ಕೈಗೆ ಜುಮ್ಮೆನ್ನುವ ಸುಖ ಇದೆ, ಯಾರು ಏಳುತ್ತಾರೆ? ಆದರೆ ಒಂದೇ ಜಾತಿ ಮೇಲಿಂದ ಮೇಲೆ ಮೂರು ಸಲ ಬಂತು ಅಂದರೆ ಆ ಜಾಗ ಆ ಗುಂಪಿನದ್ದು. ಜಿಲೇಬಿಯಂತೂ ತನ್ನ ಜಾಗಕ್ಕೆ ಬೇರೆಯವರನ್ನು ಸುಲಭಕ್ಕೆ ಬಿಡುವುದಿಲ್ಲ. ಆಳ ಬದಲಿಸಿ, ಕೊಕ್ಕೆ ಬದಲಿಸಿ. ಆಮೇಲೂ ಅದೇ ಬಂದರೆ ಎದ್ದು ನಡೆಯಿರಿ. ನಿಮ್ಮ ಮಧ್ಯಾಹ್ನ ಕಳೆದದ್ದು ಅಲ್ಲೇ. ಭಾವ ಆ ಹೊತ್ತಿಗೆ ಎಲ್ಲಿದ್ದರು ಅಂತ ನೆನಪು ಮಾಡಿಕೊಳ್ಳಿ.

ಮಧ್ಯಾಹ್ನ ಎಲ್ಲಿಗೆ ಹೋಗಬೇಕು? ಆ ಕಲ್ಲಿನ ಹರಿವಿಗೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಸಿದರೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಕಲ್ಲಿಗೆ ಬಡಿದು ನೊರೆಯಾಗುವ ನೀರಿಗೆ ಗಾಳಿ ಸೇರುತ್ತಲೇ ಇರುತ್ತದೆ. ಬಿಸಿಲು ಏರಿದಾಗ ಚುರುಕಾಗಿರುವ ಮೀನು ಅಲ್ಲೇ ಸಿಗುತ್ತದೆ.

ಅಲ್ಲಿ ಬೆಂಡು ಬೇಡವೇ ಬೇಡ. ಪ್ಯಾಂಟು ಮಡಿಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದು ಒಂದು ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಕೊಳ್ಳಿ. ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಐದು ನಿಮಿಷ ಸುಮ್ನೆ ಕೂರಿ. ಮೊದಲು ಬರೀ ಮರಳು ಕಾಣುತ್ತದೆ. ಆಮೇಲೆ ಮರಳಿನ ಒಂದು ತುಂಡು ಅಲುಗುತ್ತದೆ. ನೋಡಿದರೆ ಮೈಗೆ ಅಡ್ಡಪಟ್ಟೆ ಇರುವ ಬೆರಳುದ್ದದ ಲೋಚ್. ಕಲ್ಲಿನ ಸಂದಿಯಿಂದ ಮೂತಿ ಹೊರಗಿಟ್ಟು, ಮೀಸೆಯಲ್ಲಿ ಮರಳು ತಡವುತ್ತಾ, ಒಂದೊಂದು ಇಂಚು ಮುಂದೆ ಬರುತ್ತದೆ. ರಾಡಿನ ತುದಿಯಿಂದ ಒಂದು ಮೊಳ ದಾರ ಇಳಿಬಿಟ್ಟು, ಕೊಕ್ಕೆಯಿಂದ ನಾಲ್ಕು ಬೆರಳು ಮೇಲೆ ಒಂದೇ ಒಂದು ಸೀಸದ ಕಾಳು ಕಚ್ಚಿಸಿ, ಹುಳುವಿನ ಚೂರನ್ನು ಅದರ ಮೂತಿಯ ಮುಂದೆ ಇಳಿಸಿ. ಹರಿವು ಎಳೆದುಕೊಂಡು ಹೋಗುತ್ತದೆ, ಮತ್ತೆ ಇಳಿಸಿ. ಲೋಚ್ ಒಮ್ಮೆ ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಹುಳು ಕಣ್ಣಿಗೆ ಕಾಣದೆ ಹೋದ ಕೂಡಲೇ ಎತ್ತಿ. ಜಗ್ಗಬೇಡಿ, ಬರೀ ಎತ್ತಿ.

ಅದೇ ಕಲ್ಲಿನ ಮೈಮೇಲೆ ಪಾಚಿ ಕೆರೆಯುತ್ತಾ ಅಂಟಿಕೊಂಡಿರುವುದು ಗರ್ರಾ. ಬಾಯಿಯ ಕೆಳಗೆ ಅಂಟಿಕೊಳ್ಳಲು ಒಂದು ಬಿಲ್ಲೆ ಇರುತ್ತದೆ, ಮೀನು ಕೈಗೆ ಬಂದಾಗ ತಿರುಗಿಸಿ ನೋಡಿ. ಅದು ಹುಳುವಿಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ತೀರಾ ಸಣ್ಣ ಹಿಟ್ಟಿನ ಕಾಳನ್ನು ಕಲ್ಲಿನ ಮೇಲೇ ಉರುಳಿಸಬೇಕು. ತಳದಲ್ಲಿ ದೊಡ್ಡ ತಲೆಯ, ಕಪ್ಪೆಯ ಹಾಗೆ ದಿಟ್ಟಿಸುವ ಒಂದು ಮೀನು ಕೂತಿದ್ದರೆ ಅದು ಗೋಬಿ ಜಾತಿಯದು. ಅದಕ್ಕೆ ಹುಳು ತೋರಿಸಿದರೆ ಸಾಕು, ಹಾರಿ ಕಚ್ಚುತ್ತದೆ. ಅಂಕ ಬೇಕಾದವರಿಗೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ.

ಜೊಂಡಿಗೆ ಹೋಗುವುದು ಬಿಸಿಲು ಇಳಿದ ಮೇಲೆ. ಅಲ್ಲಿ ಕೊರವ ಇರುತ್ತದೆ. ಅದು ಆಗಾಗ ಮೇಲೆ ಬಂದು ಗಾಳಿ ಕುಡಿಯುವ ಮೀನು, ಗುಳುಂ ಅನ್ನುವ ಸದ್ದಿನಿಂದಲೇ ಗೊತ್ತಾಗುತ್ತದೆ. ಅಲ್ಲಿ ಮಾತ್ರ ದೊಡ್ಡ ಕೊಕ್ಕೆ, ಗಟ್ಟಿ ದಾರ, ಮೇವಿನ ಬದಲು ರಬ್ಬರ್ ಕಪ್ಪೆ. ಆದರೆ ನೀರಿನ ಮೇಲೆ ಕೆಂಪು ಬಣ್ಣದ ಮರಿಗಳ ಗುಂಪು ಕುದಿಯುತ್ತಿರುವುದು ಕಂಡರೆ ಗಾಳ ಮಡಿಸಿಕೊಂಡು ಬನ್ನಿ. ಕೆಳಗೆ ತಾಯಿ ತಂದೆ ಕಾವಲು ಇರುತ್ತವೆ, ಏನು ಹಾಕಿದರೂ ಕೋಪಕ್ಕೆ ಕಚ್ಚುತ್ತವೆ. ಆಗ ಅವನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನಿನ ಹೊಟ್ಟೆಗೆ. ಅಂಥ ಅಂಕವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಯ ಒಂದು ಗಂಟೆ ಮೀಸೆ ಮೀನುಗಳದ್ದು. ಗಿರ್ಲು, ಬಾಳೆ, ಚೇಳುಮೀನು ಇವೆಲ್ಲ ಕಣ್ಣಿಗಿಂತ ಮೀಸೆ ನಂಬಿದವು. ಮೀಸೆಯಲ್ಲಿ ಮಾತ್ರವಲ್ಲ, ಮೈಚರ್ಮದಲ್ಲೂ ಅವಕ್ಕೆ ರುಚಿ ತಿಳಿಯುತ್ತದೆ. ಅದಕ್ಕೇ ಮಬ್ಬಿನಲ್ಲೂ ರಾಡಿ ನೀರಿನಲ್ಲೂ ಅವು ಮೇವು ಹುಡುಕಿಕೊಂಡು ಬರುತ್ತವೆ. ಇಡೀ ಎರೆಹುಳು, 4 ನಂಬರ್ ಕೊಕ್ಕೆ, ಮಡುವಿನ ತಳ. ಚಪ್ಪಲಿ ಮೀನೂ ಇದೇ ಹೊತ್ತಿಗೆ ಓಡಾಡಲು ಶುರು ಮಾಡುತ್ತದೆ.

ಇನ್ನೊಂದು. ಎಲ್ಲಾ ಕೊಕ್ಕೆಗಳ ಮುಳ್ಳನ್ನು, ಅಂದರೆ ಒಳಗಡೆ ಇರುವ ಆ ಹಿಮ್ಮುಳ್ಳನ್ನು, ಇಕ್ಕಳದಲ್ಲಿ ಅದುಮಿ ಮಟ್ಟ ಮಾಡಿ. ಹಳಬರ ಅರ್ಧ ತಕರಾರು ಅಲ್ಲಿಗೆ ಮುಗಿಯುತ್ತದೆ. ಸಣ್ಣ ಮೀನು ಕೈ ಅಲುಗಿಸಿದರೆ ತಾನೇ ಬಿಡಿಸಿಕೊಳ್ಳುತ್ತದೆ.

ಮೀಸೆ ಎಣಿಸುವವಳು:

ಹದಿನಾರು ಅಣ್ಣ ಹಿಡಿಯುವುದನ್ನು ಚೆನ್ನಾಗಿ ಹೇಳಿದರು. ಹಿಡಿದ ಮೇಲೆ ಇದು ಯಾವ ಜಾತಿ ಅಂತ ಭಾವನ ಹತ್ತಿರ ಜಗಳ ಶುರುವಾಗುತ್ತದಲ್ಲ, ನನ್ನ ಮಾತು ಅದಕ್ಕೆ.

ಒಂದು ಚಿಕ್ಕ ಪಾರದರ್ಶಕ ಡಬ್ಬಿ ಒಯ್ಯಿರಿ. ಹೊಳೆ ನೀರು ತುಂಬಿಸಿ, ಮೀನನ್ನು ಅದರಲ್ಲಿ ಬಿಟ್ಟು, ಪಕ್ಕದಿಂದ ಫೋಟೋ ತೆಗೆಯಿರಿ. ಕೈಯಲ್ಲಿ ಹಿಡಿದರೆ ರೆಕ್ಕೆ ಮಡಿಸಿಕೊಳ್ಳುತ್ತದೆ, ಏನೂ ತಿಳಿಯುವುದಿಲ್ಲ. ನೀರಿನಲ್ಲಿ ರೆಕ್ಕೆ ಬಿಚ್ಚಿ ನಿಲ್ಲುತ್ತದೆ. ಬಾಯಿ, ಬೆನ್ನಿನ ರೆಕ್ಕೆ, ಬಾಲದ ಬುಡ, ಇವಿಷ್ಟು ಸ್ಪಷ್ಟ ಬರಲಿ. ಡಬ್ಬಿ ನೆರಳಿನಲ್ಲಿರಲಿ, ಒಂದು ಫೋಟೋ ಆದ ತಕ್ಷಣ ಬಿಟ್ಟುಬಿಡಿ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ಅದರ ಮೈಮೇಲಿನ ಲೋಳೆಯನ್ನು ಕಿತ್ತು ತೆಗೆಯುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ.

ಆಮೇಲೆ ಮೀಸೆ ಎಣಿಸಿ. ಸಾಮಾನ್ಯ ಗೆಂಡೆಗೆ ಎರಡು ಜೊತೆ. ಕಾಟ್ಲಾಕ್ಕೆ ಮೀಸೆಯೇ ಇಲ್ಲ. ಬಾಳೆಗೆ ಎರಡು ಜೊತೆ, ಅದರಲ್ಲಿ ಒಂದು ಜೊತೆ ತುಂಬಾ ಉದ್ದ. ಗಿರ್ಲುವಿಗೆ ನಾಲ್ಕು ಜೊತೆ. ಚೇಳುಮೀನಿಗೂ ಮುರುಗೋಡಿಗೂ ನಾಲ್ಕೇ ಜೊತೆ, ಹಾಗಾಗಿ ಬೆನ್ನು ನೋಡಬೇಕು. ಬೆನ್ನಿನ ರೆಕ್ಕೆ ತಲೆ ಹಿಂದಿನಿಂದ ಬಾಲದವರೆಗೂ ಓಡಿದ್ದರೆ ಮುರುಗೋಡು. ಒಂದು ಪುಟ್ಟ ತುಂಡು ರೆಕ್ಕೆ ಮಾತ್ರ ಇದ್ದರೆ ಚೇಳುಮೀನು. ಇದನ್ನು ದೂರದಿಂದಲೇ ಗುರುತಿಸುವುದು ಕಲಿತರೆ ನಿಮಗೇ ಒಳ್ಳೆಯದು.

ಯಾಕೆಂದರೆ ಚೇಳುಮೀನಿನ ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷ ಇದೆ. ಚುಚ್ಚಿದರೆ ಭುಜದವರೆಗೂ ನೋವು ಏರುತ್ತದೆ. ಆ ವಿಷ ಶಾಖಕ್ಕೆ ಕೆಡುವಂಥದ್ದು. ಗಾಯ ತೊಳೆದು, ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ಇಳಿಯುತ್ತದೆ. ಬಿಸಿಯನ್ನು ಚುಚ್ಚದ ಕೈಯಲ್ಲಿ ಪರೀಕ್ಷೆ ಮಾಡಿ, ಚುಚ್ಚಿದ ಕೈಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ. ಮುಳ್ಳಿನ ತುಂಡು ಒಳಗೆ ಉಳಿದರೆ, ಊತ ಏರಿದರೆ, ಉಸಿರಿಗೆ ತೊಂದರೆ ಆದರೆ ಸೀದಾ ಡಾಕ್ಟರ ಹತ್ತಿರ.

ಗಿರ್ಲು ಅಷ್ಟು ಅಪಾಯ ಅಲ್ಲ, ಆದರೆ ಅದರ ಮುಳ್ಳಿಗೆ ಗರಗಸದ ಹಲ್ಲಿದೆ. ನೀರಿನಿಂದ ಎತ್ತಿದ ಕೂಡಲೇ ಎರಡೂ ಪಕ್ಕದ ಮುಳ್ಳು ಮತ್ತು ಬೆನ್ನಿನ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ ಬೀಗ ಹಾಕಿಕೊಳ್ಳುತ್ತದೆ. ಒತ್ತಿದರೆ ಮಡಿಯುವುದಿಲ್ಲ. ಜೊತೆಗೆ ಕಿರ್ ಕಿರ್ ಅಂತ ಸದ್ದು ಬೇರೆ. ಅದು ಗಂಟಲಿನ ಸದ್ದಲ್ಲ, ಮುಳ್ಳಿನ ಬುಡವನ್ನು ಗೂಡಿನಲ್ಲಿ ಉಜ್ಜುವ ಸದ್ದು. ತೋರುಬೆರಳನ್ನೂ ನಡುಬೆರಳನ್ನೂ ಹೊಟ್ಟೆ ಕಡೆಯಿಂದ ತಂದು, ಪಕ್ಕದ ಮುಳ್ಳುಗಳ ಹಿಂದೆ ಒಂದೊಂದು ಬೆರಳು ಕೂರುವಂತೆ ಹಿಡಿಯಬೇಕು. ಆಗ ಮೀನು ಮುಂದೆ ನುಗ್ಗಬಹುದು, ಹಿಂದೆ ಬಂದು ಚುಚ್ಚಲಾರದು.

ಹಾವುಮೀನು ಸಿಕ್ಕರೆ ದಾರಕ್ಕೆ ಸುತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ಜಾರುತ್ತದೆ. ಬೆನ್ನಿನ ಮೇಲೆ ಸಾಲಾಗಿ ಬಿಡಿ ಬಿಡಿ ಮುಳ್ಳುಗಳಿವೆ, ಬಾಲದಿಂದ ತಲೆ ಕಡೆ ಸವರಬೇಡಿ. ಒದ್ದೆ ಬಟ್ಟೆಯಲ್ಲಿ ಹಿಡಿದು ದಾರ ಕತ್ತರಿಸಿದರೆ ಇಬ್ಬರಿಗೂ ಬೇಗ ಬಿಡುಗಡೆ.

ಮಡುವಿನ ಹಳಬ:

ಹಿಮ್ಮುಳ್ಳು ಮಟ್ಟ ಮಾಡುತ್ತೀರಿ ಅಂದಮೇಲೆ ನನ್ನದೇನೂ ತಕರಾರಿಲ್ಲ. ದೊಡ್ಡ ಮೀನಿಗೆ ಕಾಯುವ ಹೊತ್ತಿನಲ್ಲಿ ನಾನೂ ಒಂದು ಸಣ್ಣ ಕೊಕ್ಕೆ ಇಳಿಬಿಟ್ಟು ನೋಡುತ್ತೇನೆ, ಯಾರಿಗೂ ಹೇಳಬೇಡಿ.

ಒಂದು ಎಚ್ಚರಿಕೆ. ಮೊಣಕಾಲುದ್ದ ನೀರಿಗೆ ಇಳಿಯಿರಿ ಅಂತ ಬರೆದಿದ್ದಾರೆ. ಮೇಲುಗಡೆ ಅಣೆಕಟ್ಟು ಇರುವ ಹೊಳೆಯಾದರೆ ನೀರು ಬಿಡುವ ಹೊತ್ತು ತಿಳಿದುಕೊಂಡೇ ಇಳಿಯಿರಿ. ಇಲ್ಲಿ ಬಿಸಿಲಿದ್ದರೂ ಮೇಲೆ ಮಳೆಯಾಗಿದ್ದರೆ ಸಾಕು. ನೀರಿನ ಬಣ್ಣ ಬದಲಾಗಿ, ಕಸಕಡ್ಡಿ ತೇಲಿ ಬರಲು ಶುರುವಾಯಿತು ಅಂದರೆ ಸಾಮಾನು ಬಿಟ್ಟಾದರೂ ದಡ ಹತ್ತಬೇಕು. ಮೀನು ಹಿಡಿಯಲು ಪರವಾನಗಿ ಬೇಕಾದ ನೀರೋ ಅಂತಲೂ ಕೇಳಿಕೊಂಡೇ ಹೋಗಿ.

ಬೆಂಡು ಮುಳುಗಿತು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. 16 ನಂಬರ್ ಕೊಕ್ಕೆ ತಂದಾಯಿತು. ಮನೆಯಲ್ಲಿ ಕೂತು ದಾರ ಕಟ್ಟಲು ನೋಡಿದರೆ ಕಣ್ಣೇ ಸಾಲದು.

ಎರಡು ಅನುಮಾನ ಉಳಿದಿವೆ. ಭಾವನ ಏಳರಲ್ಲಿ ಎರಡು ಜಿಲೇಬಿಯೇ. ಒಂದು ನೈಲ್ ಜಿಲೇಬಿ, ಒಂದು ಮೊಜಾಂಬಿಕ್ ಜಿಲೇಬಿ, ಬೇರೆ ಬೇರೆ ಜಾತಿ, ಹಾಗಾಗಿ ಎರಡು ಅಂಕ ಅಂತ ವಾದ. ಇದು ಸರಿಯಾ? ಇನ್ನೊಂದು, ಅವರ ಒಂದು ಬಾಳೆಮರಿಗೆ ಕೊಕ್ಕೆ ಸಿಕ್ಕಿದ್ದು ಬಾಯಿಗಲ್ಲ, ಬಾಲದ ಹತ್ತಿರ. ಅದಕ್ಕೂ ಅಂಕ ಕೊಡಬೇಕಾ?

ಮೀಸೆ ಎಣಿಸುವವಳು:

ಎರಡೂ ಬೇರೆ ಜಾತಿಗಳೇ. ಎರಡರ ಮೂಲವೂ ಆಫ್ರಿಕಾ, ಈಗ ಲೋಕವೆಲ್ಲ ಹರಡಿವೆ. ಬಾಲ ನೋಡಿ. ನೈಲ್ ಜಿಲೇಬಿಯ ಬಾಲದ ರೆಕ್ಕೆಯ ತುಂಬಾ ನೆಟ್ಟಗೆ ಇಳಿದ ಗೆರೆಗಳಿರುತ್ತವೆ, ಬುಡದಿಂದ ತುದಿವರೆಗೆ. ಮೊಜಾಂಬಿಕ್‌ಗೆ ಹಾಗೆ ಒಪ್ಪವಾದ ಗೆರೆಗಳಿಲ್ಲ. ಮರಿ ಮಾಡುವ ಕಾಲದಲ್ಲಿ ಅದರ ಗಂಡಿನ ಮೈ ಕಪ್ಪಾಗಿ, ಗಂಟಲ ಕೆಳಗೆ ಮಾತ್ರ ಬಿಳಿ ಉಳಿಯುತ್ತದೆ. ತುಟಿಯೂ ದಪ್ಪ.

ತೊಂದರೆ ಇರುವುದು ಬೇರೆ ಕಡೆ. ಇವೆರಡೂ ಒಂದೇ ನೀರಿನಲ್ಲಿದ್ದರೆ ಸುಲಭವಾಗಿ ಕೂಡುತ್ತವೆ, ಹುಟ್ಟುವ ಮರಿಗಳು ಮಿಶ್ರ. ಅರ್ಧ ಬಾಲಕ್ಕೆ ಗೆರೆ, ಅರ್ಧಕ್ಕೆ ಇಲ್ಲ, ಅಂಥವೂ ಸಿಗುತ್ತವೆ. ಫೋಟೋ ಇದ್ದರೆ ಹಾಕಿ. ಫೋಟೋ ಇಲ್ಲದಿದ್ದರೆ ನಾನಾಗಿದ್ದರೆ ಒಂದೇ ಅಂಕ ಕೊಡುತ್ತಿದ್ದೆ.

ಹದಿನಾರು ನಂಬರ್:

ನನ್ನ ಲೆಕ್ಕವೂ ಅದೇ. ಗುರುತು ಹಿಡಿಯಲಾಗದ ಮೀನಿಗೆ ಅಂಕವಿಲ್ಲ, ಅದು ಎಷ್ಟೇ ಅಪರೂಪದ್ದು ಅನಿಸಿದರೂ. ಜಿಲೇಬಿ ಹಿಡಿದಾಗ ಬಾಯಿಂದ ಮರಿಗಳನ್ನು ಉಗುಳಿದರೆ ಡಬ್ಬಿ ಫೋಟೋ ಎಲ್ಲ ಬಿಟ್ಟು ಆ ಕ್ಷಣವೇ ನೀರಿಗೆ ಬಿಡಿ. ಹೆಣ್ಣು ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ.

ಬಾಲಕ್ಕೆ ಸಿಕ್ಕ ಬಾಳೆಗೆ ಅಂಕ ಕೊಡಬೇಡಿ. ಮೀನು ತಾನಾಗಿ ಬಾಯಿ ಹಾಕಿರಬೇಕು, ಇಲ್ಲದಿದ್ದರೆ ಗಾಳಕ್ಕೂ ಭರ್ಜಿಗೂ ಏನು ವ್ಯತ್ಯಾಸ? 1939ರಲ್ಲಿ ಶುರುವಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಸ್ಥೆ ಕೂಡ, ಬೇಕಂತಲೇ ಮೈಗೆ ಕೊಕ್ಕೆ ಸಿಕ್ಕಿಸಿ ಎಳೆದ ಮೀನನ್ನು ದಾಖಲೆಗೆ ಒಪ್ಪುವುದಿಲ್ಲ. ಭಾವ ಬೇಕಂತ ಮಾಡಿಲ್ಲ ಅಂತ ವಾದಿಸುತ್ತಾರೆ, ಗೊತ್ತು. ನಿಮ್ಮ ಪಂದ್ಯಕ್ಕೆ ನೀವೇ ನಿಯಮ ಬರೆದುಕೊಳ್ಳಿ, ಆದರೆ ಹೊಳೆಗೆ ಹೋಗುವ ಮೊದಲೇ ಬರೆಯಿರಿ.

ಅಲ್ಲಿಗೆ ಜಿಲೇಬಿ ಒಂದು ಹೋಯಿತು, ಬಾಳೆ ಹೋಯಿತು. ಭಾವನದ್ದು ಐದು. ನಿಮಗಿಂತ ಒಂದೇ ಜಾಸ್ತಿ.

ಇನ್ನು ಹತ್ತು, ಹದಿನೈದು ಅಂತ ಗುರಿ ಇಟ್ಟುಕೊಳ್ಳುವ ಮೊದಲು ಆ ನೀರಿನಲ್ಲಿ ಎಷ್ಟು ಜಾತಿ ಇವೆ ಅಂತ ನೋಡಿ. ಅಮೆಜಾನ್ ಕೊಳ್ಳದಲ್ಲಿ 2,000ಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಬ್ರಿಟನ್ನಿನ ಹೊಳೆ ಕೆರೆಗಳನ್ನೆಲ್ಲ ಸೇರಿಸಿದರೂ ಸಿಹಿನೀರಿನ ಜಾತಿ ನೂರು ದಾಟುವುದಿಲ್ಲ. ಅಲ್ಲಿ ಒಂದು ದಿನಕ್ಕೆ ಎಂಟು ಹಿಡಿದವನು ಇಲ್ಲಿ ಹದಿನೈದು ಹಿಡಿದವನಿಗಿಂತ ಕಡಿಮೆ ಏನಲ್ಲ. ಬೇರೆಯವರ ಸಂಖ್ಯೆ ಕೇಳಿ ತಲೆ ಕೆಡಿಸಿಕೊಳ್ಳಬೇಡಿ.

ಮುಂದಿನ ಸಲ ಹೋದಾಗ ಮೊದಲ ಎರಡು ಗಂಟೆ 16 ನಂಬರ್ ಬಿಟ್ಟು ಬೇರೆ ಕೊಕ್ಕೆ ಡಬ್ಬಿಯಿಂದ ತೆಗೆಯಲೇಬೇಡಿ. ಹಳ್ಳ ಸೇರುವ ಜಾಗದಿಂದ ಶುರು ಮಾಡಿ. ಸಣ್ಣ ಗೆಂಡೆಗಳಲ್ಲೇ ಎರಡು ಮೂರು ಜಾತಿ ಇರುತ್ತವೆ. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇದೆಯೋ, ಮೀಸೆ ಇದೆಯೋ ಇಲ್ಲವೋ ನೋಡಿ ಬೇರೆ ಮಾಡಿ. ಮೈಯೊಳಗಿನ ಮುಳ್ಳು ಕಾಣುವಷ್ಟು ತೆಳ್ಳಗಿರುವ ಗಾಜುಮೀನು ಸಿಕ್ಕರೆ ಫೋಟೋ ಮರೆಯಬೇಡಿ, ಬಿಸಿಲಿಗೆ ಹಿಡಿದರೆ ಸಾಯುತ್ತದೆ, ನೆರಳಿನಲ್ಲಿ ತೆಗೆಯಿರಿ. ದಾರ ಕಟ್ಟಲು ಕಣ್ಣು ಸಾಲದಿದ್ದರೆ ಕಟ್ಟಿರುವ ಕೊಕ್ಕೆಯೇ ಸಿಗುತ್ತದೆ, ಅದನ್ನೇ ತನ್ನಿ. ನಾನೂ ಈಚೆಗೆ ಅದನ್ನೇ ತರುವುದು.